ಎಲೆ ಅಡಿಕೆಯ ದೊರೆ

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಓದುತ್ತಿದ್ದಾಗ, ನಾನೊಂದು ನಗರ ಕಟ್ಟಿದೆ. ಕಾಗದದ ಮೇಲೆ. ದಾಳ ಉರುಳಿಸುತ್ತ ಮಾತಿನಲ್ಲೇ ಕಥೆ ಬೆಳೆಸುವ ಆಟದ ಹುಚ್ಚು ನಮ್ಮ ಕ್ಲಾಸಿನ ಹುಡುಗರಿಗೆ ಹಿಡಿದಿತ್ತು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರೊಳಗೆ ಅಲೆಯುತ್ತಾರೆ. ನನ್ನ ನಗರ ನಮ್ಮ ರಾಯಚೂರು ಸೀಮೆಯದೇ: ಎರಡು ರಾಜ್ಯಗಳು ಕಿತ್ತಾಡಿ ಹೈರಾಣು ಮಾಡಿದ ಗಡಿಯ ಕೋಟೆ, ಕುಸಿದ ಬುರುಜು, ವ್ಯಾಪಾರ ಬಿಟ್ಟುಹೋದ ಪೇಟೆ. ಅದರ ದೊರೆ ಸದಾ ಎಲೆ ಅಡಿಕೆ ಜಗಿಯುವ ಮುದುಕ. ಅವನು ಐನೂರು ವರ್ಷದಿಂದ ಸಾಯದೆ, ಜನರ ರಕ್ತ ಹೀರಿಕೊಂಡು ಆಳುತ್ತಿರುವ ವ್ಯಾಂಪೈರ್ ಎಂಬುದು ಗುಟ್ಟು. ಆ ಗುಟ್ಟನ್ನು ಆಡುವವರೇ ಕಂಡುಹಿಡಿಯಬೇಕು, ನಾನು ಬಾಯಿ ಬಿಡುವಂತಿಲ್ಲ.

ವರ್ಷವಾದರೂ ಯಾರಿಗೂ ಹೊಳೆಯಲಿಲ್ಲ. ನನ್ನ ಇಂಗ್ಲಿಷ್ ತಡವರಿಸುತ್ತಿತ್ತು. ಹುಡುಗರು ಆಕಳಿಸಿದರು, ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಮೈಸೂರಿನ ರೂಮ್‌ಮೇಟ್ ಮಾತ್ರ ನನ್ನ ಬರಹವನ್ನೆಲ್ಲ ತಿದ್ದಿ ಟೈಪ್ ಮಾಡಿಕೊಟ್ಟ. ಕಾಯಂ ನೆಲೆಸುವ ಪರವಾನಗಿ, ಪಿಆರ್, ಸಿಕ್ಕಿದ ಮೇಲೆ ಅವನು ಮೆಲ್ಬರ್ನಿಗೆ ಹೋದ.

ಮೂರು ವರ್ಷದ ನಂತರ ಕೆಲಸದ ಮೇಲೆ ನಾನೂ ಮೆಲ್ಬರ್ನಿಗೆ ಹೋದಾಗ, ಅವನು ಭಾನುವಾರ ಕ್ರಾನ್‌ಬರ್ನ್ ಬಡಾವಣೆಯ ತನ್ನ ಮನೆಗೆ ಊಟಕ್ಕೆ ಕರೆದ. ಊಟವಾದ ಮೇಲೆ, ಆಟಕ್ಕೆಂದು ಅಲ್ಲಿ ಸೇರುತ್ತಿದ್ದ ನಾಲ್ಕೈದು ಜನ ಕನ್ನಡದವರು ದಾಳ ಹಿಡಿದು ಮೇಜಿನ ಸುತ್ತ ಕೂತರು, ಅವನು ಹೋದ ಸಲ ನಿಲ್ಲಿಸಿದಲ್ಲಿಂದ ಕಥೆ ಮುಂದುವರಿಸಿದ. ಕುಸಿದ ಬುರುಜು. ಖಾಲಿ ಪೇಟೆ. ಎಲೆ ಅಡಿಕೆ ಜಗಿಯುವ ಮುದುಕ ದೊರೆ. ಕನ್ನಡಕ್ಕೆ ಬಂದದ್ದು ಬಿಟ್ಟರೆ ಒಂದು ವಿವರವೂ ಬದಲಾಗಿರಲಿಲ್ಲ. "ಎಷ್ಟ್ ಚೆನ್ನಾಗಿ ಇಮ್ಯಾಜಿನ್ ಮಾಡಿದಾರೆ ಅಲ್ವಾ?" ಎಂದು ಪಕ್ಕದವರು ನನಗೇ ಹೇಳಿದರು. ಮೈಯೆಲ್ಲ ಉರಿದುಹೋಯಿತು.

ಟೀ ನೆಪದಲ್ಲಿ ಅವನನ್ನು ಅಡುಗೆಮನೆಯಲ್ಲಿ ಹಿಡಿದೆ. "ಇದು ನಂದಲ್ಲೇನೋ?"

"ಬರ್ದಿದ್ದು ನೀನೇ ಮಗಾ," ಎಂದ, ಒಂಚೂರೂ ಅಳುಕದೆ. "ಆದ್ರೆ ನೀನ್ ಹೇಳ್ತಿದ್ದಾಗ ಯಾರ್ ಕೂತ್ಕೊಂಡ್ ಕೇಳ್ತಿದ್ರು, ಹೇಳು?"

ಅವನು ಹೇಳಿದ್ದು ನಿಜ. ಸಿಟ್ಟು ಇನ್ನೂ ಹೆಚ್ಚಾಯಿತು.

ವಾಪಸ್ ಬಂದು ಕೂತಾಗ, ಚಿತ್ರದುರ್ಗದ ಕಡೆಯ ನರ್ಸ್ ಆಂಟಿಯೊಬ್ಬರು ನೋಟ್‌ಬುಕ್ ತಿರುವುತ್ತಿದ್ದರು. ಆರು ತಿಂಗಳಿಂದ ಆ ದೊರೆಯ ಬಗ್ಗೆ ಕೇಳಿದ್ದನ್ನೆಲ್ಲ ಅದರಲ್ಲಿ ಬರೆದುಕೊಂಡಿದ್ದರು.

"ಒಂದ್ ನಿಮಿಷ," ಎಂದರು. "ಇವ್ನು ದಿನಾಪೂರ್ತಿ ಎಲೆ ಅಡಿಕೆ ಹಾಕ್ತಾನೆ. ಉಗುಳೋ ಪೀಕದಾನಿ ಮಾತ್ರ ಯಾವಾಗ್ಲೂ ಒಣಗೇ ಇರುತ್ತಲ್ಲ? ನಮ್ಮಜ್ಜಿದು ದಿನಕ್ಕೆರಡು ಸಲ ತೊಳೀಬೇಕಾಗಿತ್ತು."

ನಾನು ಬಚ್ಚಿಟ್ಟಿದ್ದ ಸುಳಿವು ಅದೊಂದೇ. ಜಗಿಯುವುದು ಬರೀ ನಟನೆ; ದೊರೆಯ ಬಾಯಿ ಕೆಂಪಾಗಿದ್ದದ್ದು ಎಲೆ ಅಡಿಕೆಯಿಂದಲ್ಲ, ರಕ್ತದಿಂದ. ಎಲೆ ಅಡಿಕೆಯನ್ನೇ ಕಾಣದ ಸಿಡ್ನಿಯ ಹುಡುಗರಿಗೆ ಅದು ಹೊಳೆಯುವುದಾದರೂ ಹೇಗೆ? ಆ ದಡ್ಡತನ ನನ್ನದೇ.

ಆಂಟಿ ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದರು. ರೂಮ್‌ಮೇಟ್ ನಸುನಗುತ್ತ ಕಾಯುತ್ತಿದ್ದ. ಆ ನಗು ನನ್ನದಾಗಬೇಕಿತ್ತು.

"ಅಂವ ವ್ಯಾಂಪೈರ್ ಅದಾನ್ರಿ," ಎಂದುಬಿಟ್ಟೆ. "ರಕ್ತ ಕುಡೀತಾನ. ಕಥಿ ಮುಗೀತು."

ಆಂಟಿ ನೋಟ್‌ಬುಕ್ ಮುಚ್ಚಿ ಪೆನ್ನಿನ ಕ್ಯಾಪ್ ಹಾಕಿದರು.

"ನಂಗೆ ಇನ್ನೇನು ಹೊಳ್ದೇಬಿಡ್ತಿತ್ತು ಕಣಪ್ಪ," ಎಂದರು. ದನಿಯಲ್ಲಿ ಕೋಪ ಕೂಡ ಇರಲಿಲ್ಲ.

ಅಂಥವರೊಬ್ಬರು ಸಿಗಲಿ ಎಂದೇ ನಾನು ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.