ಮಡಿಚದೆ ಕತ್ತರಿಸಿದ ಫ್ರಾಕು

ಪೀರಾಂಬಿ ರೇಣವ್ವನನ್ನು ಮೊದಲು ಕಂಡದ್ದು ೧೯೬೩ರ ಜೂನ್ ತಿಂಗಳಲ್ಲಿ. ಸಾಲೆ ಸುರುವಾಗಿ ಎಂಟು-ಹತ್ತು ದಿನ ಆಗಿತ್ತು. ಟಿಕೋಟಾದ ತನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಪೀರಾಂಬಿ ಒಂದು ಕಾಲು ಮಡಿಚಿ, ಒಂದು ಕಾಲು ಇಳಿಬಿಟ್ಟು, ಯಾರದೋ ಬಿಳಿ ಅಂಗಿಗೆ ಕಾಜು ಮಾಡುತ್ತ ಕೂತಿದ್ದಳು. ಬೇವಿನ ಮರದ ನೆರಳು ಕಟ್ಟೆಯಿಂದ ಅರ್ಧ ಸರಿದಿತ್ತು. ತಲೆಯೆತ್ತಿದರೆ ಎದುರಿಗೆ ಹತ್ತು-ಹನ್ನೊಂದು ವರ್ಷದ ಒಬ್ಬ ಹುಡುಗಿ. ಮಾಸಿದ ಹಸಿರು ಫ್ರಾಕು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಬರಿಗಾಲು. ಫ್ರಾಕಿನ ಕೊರಳಂಚನ್ನು ಅವಳು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿ ಹಿಡಿದಿದ್ದಳು.

“ಗುಂಡಿ ಹಚ್ಚಾಕತ್ತೀರೇನ್ರಿ ಅಕ್ಕಾ?” ಎಂದು ಕೇಳಲು ಹುಡುಗಿ ಬಾಯಿ ಬಿಟ್ಟಳು. ಬಿಟ್ಟ ಕೂಡಲೇ ಫ್ರಾಕು ಬಲಭುಜದಿಂದ ಜಾರಿ ತೋಳಿಗೆ ಬಂತು. ಎಳೆದುಕೊಂಡು ಮತ್ತೆ ಕಚ್ಚಿಕೊಂಡಳು.

“ಗುಂಡಿ ಅಲ್ಲ ಬೇ, ಗುಂಡಿಗೆ ಮನಿ ಕಟ್ಟಾಕತ್ತೇನಿ. ನೀ ಯಾಕ ಅಂಗಿ ತಿನ್ನಾಕತ್ತಿ? ಮನ್ಯಾಗ ರೊಟ್ಟಿ ಮಾಡಿಲ್ಲೇನು?”

ಹುಡುಗಿ ನಕ್ಕಳು. ನಕ್ಕದ್ದಕ್ಕೆ ಫ್ರಾಕು ಮತ್ತೆ ಜಾರಿತು. ಹಿಂದೆ ನಿಂತಿದ್ದ ತಾಯಿ ಸತ್ಯವ್ವ ಮಾತ್ರ ನಗಲಿಲ್ಲ. ಅವಳ ಕಂಕುಳಲ್ಲಿ ಹೊಸ ಬಟ್ಟೆಯ ಒಂದು ಗಂಟಿತ್ತು.

ಸತ್ಯವ್ವ ಕಳ್ಳಕವಟಗಿಯಿಂದ ಟಿಕೋಟಾಕ್ಕೆ ಮದುವೆಯಾಗಿ ಬಂದವಳು, ಹೊಲದ ಕೂಲಿಗೆ ಹೋಗುವವಳು. ರೇಣವ್ವ ಎರಡು ವರ್ಷದ ಕೂಸಿದ್ದಾಗ ಒಲೆಯ ಮೇಲಿನ ಕುದಿಯುವ ಅಂಬಲಿ ಎಡಗಡೆ ಮೈಮೇಲೆ ಬಿದ್ದಿತ್ತು. ಸುಟ್ಟ ಗಾಯ ಮಾಯಿತು, ಆದರೆ ಮಾಯುವಾಗ ತೊಗಲು ಎಳೆದುಕೊಂಡು ಎಡಭುಜ ಮೇಲಕ್ಕೂ ಮುಂದಕ್ಕೂ ಬಂದಿತ್ತು. ಯಾವ ಅಂಗಿ ತೊಡಿಸಿದರೂ ಬಲಕ್ಕೆ ಜಾರುತ್ತಿತ್ತು, ಎಡ ಕಂಕುಳಲ್ಲಿ ಕಚ್ಚುತ್ತಿತ್ತು. ಸಾಲೆಯಲ್ಲಿ ಮಗ್ಗಿ ಕೇಳಿದಾಗ ಹುಡುಗಿ ಬಾಯಿ ಬಿಟ್ಟರೆ ಅಂಗಿ ಜಾರಿ ಎಲ್ಲರೂ ನಗುವರು. ಬಿಡದಿದ್ದರೆ ಮಗ್ಗಿ ಬರುವುದಿಲ್ಲ ಎಂದು ಬೈಗುಳ. ನಾಲ್ಕು ದಿನದಿಂದ ಅವಳು ಸಾಲೆಯ ಕಡೆಗೇ ಹೋಗಿರಲಿಲ್ಲ.

“ಇಪ್ಪತ್ತರ ತನಕ ಮಗ್ಗಿ ಬರ್ತೈತ್ರೀ ಇಕಿಗೆ,” ಎಂದಳು ಸತ್ಯವ್ವ. “ಆದ್ರ ಏನ ಮಾಡೂದು? ಹೊಸಾ ಫ್ರಾಕು ಹಾಕ್ಕೊಂಡು ಬರು ಸೋಮವಾರ ಸಾಲಿಗೆ ಹೋದ್ರ ಹೋದ್ಲು. ಇಲ್ಲಂದ್ರ ನನ್ನ ಜೋಡಿ ಹೊಲಕ್ಕ ಬರ್ತಾಳ. ಎಷ್ಟ ದಿನಾಂತ ಮನ್ಯಾಗ ಕುಂಡರಸ್ಲಿ?”

ಪೀರಾಂಬಿಯ ಮನೆಯ ಮುಂದಿನ ಕೋಣೆಯೇ ದರ್ಜಿ ಅಂಗಡಿ. ಮಾವ ಲಾಡಲೇಸಾಬ ಬಟ್ಟೆ ಕತ್ತರಿಸುವನು, ಗಂಡ ಸಿಕಂದರ ಮಿಷನ್ ತುಳಿಯುವನು, ಕಾಜು ಮಾಡುವುದೂ ಅಂಚು ಮಡಿಚಿ ಹೊಲಿಯುವುದೂ ಪೀರಾಂಬಿಯ ಪಾಲು. ಕಾಖಂಡಕಿಯಿಂದ ಸೊಸೆಯಾಗಿ ಬಂದು ಆರು ವರ್ಷದಲ್ಲಿ ಅವಳು ಎಷ್ಟು ಸಾವಿರ ಕಾಜು ಮಾಡಿದ್ದಳೋ, ಒಂದು ಸಲವೂ ಕತ್ತರಿ ಮುಟ್ಟಿರಲಿಲ್ಲ. ಅದು ಆ ಮನೆಯ ರೂಢಿ. ಸಂಜೆ ಲಾಡಲೇಸಾಬ ಕತ್ತರಿಯನ್ನು ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಡುವಾಗ ಕೂಸನ್ನು ಮಲಗಿಸಿದಷ್ಟು ನಾಜೂಕು ಮಾಡುವನು.

ಲಾಡಲೇಸಾಬ ಬಟ್ಟೆಯ ಗಂಟು ಬಿಚ್ಚಿ ನೋಡಿದ. ಎರಡು ಗಜ ನೀಲಿ ಪಾಪ್ಲಿನ್.

“ಚಲೋ ಅರಿವಿ ಐತಿ. ಅಳತಿ ಅಂಗಿ ಎಲ್ಲೈತಿ?”

ಹೆಣ್ಣುಮಕ್ಕಳ ಮೈಗೆ ಅವನು ಟೇಪು ಹಿಡಿಯುತ್ತಿರಲಿಲ್ಲ. ಸುತ್ತಲಿನ ಊರಿನ ಯಾವ ದರ್ಜಿಯೂ ಹಿಡಿಯುತ್ತಿರಲಿಲ್ಲ. ಹಳೆಯದೊಂದು ಕುಬಸವನ್ನೋ ಫ್ರಾಕನ್ನೋ ತಂದು ಕೊಡಬೇಕು, ಅದೇ ಅಳತೆ. ಮದುವೆಯಲ್ಲಿ ಹೊಲಿಸಿದ ಕುಬಸದ ಅಳತೆಯಲ್ಲೇ ನಾಲ್ಕು ಮಕ್ಕಳ ತಾಯಿಯೂ ಉಸಿರು ಬಿಗಿಹಿಡಿದು ಓಡಾಡುತ್ತಿದ್ದಳು.

“ಇದ ಐತ್ರಿ ಕಾಕಾ, ಮೈಮ್ಯಾಲಿಂದು,” ಎಂದು ಸತ್ಯವ್ವ ಮಗಳ ಹಸಿರು ಫ್ರಾಕು ತೋರಿಸಿದಳು.

“ಆತು ತೊಗೊ. ಮನಿಗೆ ಹೋಗಿ ಕಳದು ಕೊಟ್ಟ ಕಳಸು.”

ಪೀರಾಂಬಿಯ ಸೂಜಿ ನಿಂತಿತು. “ಅಬ್ಬಾ,” ಎಂದಳು. ಮಾವನನ್ನು ಅವಳು ಕರೆಯುತ್ತಿದ್ದುದೇ ಹಾಗೆ. “ಅದರ ಹಂಗ ಹೊಲದ್ರ ಅದರ ಹಂಗ ಜಾರ್ತೈತಿ.”

ಮಿಷನ್ನಿನ ಸಪ್ಪಳ ನಿಂತುಹೋಯಿತು. ಗಿರಾಕಿಯ ಮುಂದೆ ಸೊಸೆ ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು.

“ಹಿರ್ಯಾರ ಮಾತಿನ್ಯಾಗ ಸೊಸಿ ಸೂಜಿ ಹಾಕಬಾರದು,” ಎಂದ ಲಾಡಲೇಸಾಬ.

“ಸೂಜಿ ಕೈಯಾಗ ಕೊಟ್ಟವ್ರು ನೀವ ಅಲ್ರಿ ಅಬ್ಬಾ. ಹುಡುಗಿ ಮೈ ಅಳತಿ ಹುಡುಗೀನ್ನ ಕೇಳಬೇಕು. ಆ ಹರಕ ಫ್ರಾಕಿಗೇನ ಗೊತ್ತು?”

“ಹಂಗಾರ ನೀನ ಹೊಲಿ! ಆದ್ರ ನನ್ನ ಕತ್ತರಿ ಕೇಳಬ್ಯಾಡ. ಮೂರ ತಲಿಯಿಂದ ಗಂಡಸರ ಕೈಯಾಗ ಐತಿ ಅದು. ಅರಿವಿ ಕೆಡಿಸಿದಿ ಅಂದ್ರ ಇನ್ನ ಮ್ಯಾಲೆ ಈ ಕಟ್ಟಿಮ್ಯಾಲ ನೀ ಕುಂದ್ರಂಗಿಲ್ಲ. ಒಳಗ ಕುಂತು ಕಾಜು ಮಾಡು, ಒಳಗ ಬಾಯಿ ಮುಚಗೊ.”

ಕಟ್ಟೆಯೆಂದರೆ ಪೀರಾಂಬಿಗೆ ಗಾಳಿ, ಬೆಳಕು, ಹೋಗುವವರು ಬರುವವರ ಮುಖ. ಒಳಗಿನ ಕೋಣೆಗೆ ಕಿಟಕಿಯೇ ಇರಲಿಲ್ಲ. ಆದರೂ ಅವಳು ಕೈ ಚಾಚಿದಳು. ಸತ್ಯವ್ವ ಒಮ್ಮೆ ಮಾವನ ಮುಖ, ಒಮ್ಮೆ ಸೊಸೆಯ ಮುಖ ನೋಡಿ, ಬಟ್ಟೆಯ ಗಂಟನ್ನು ಆ ಕೈಯಲ್ಲಿ ಇಟ್ಟಳು.

ಟೇಪು ಅಂಗಡಿಯದು, ಅದನ್ನೂ ಅವಳು ಕೇಳಲಿಲ್ಲ. ಕೆಂಪು ನೂಲು ತೆಗೆದುಕೊಂಡು ರೇಣವ್ವನ ಬಲಭುಜಕ್ಕೆ, ಎದೆಗೆ, ಸೊಂಟಕ್ಕೆ, ಮೊಣಕಾಲಿಗೆ ಹಿಡಿದು ಒಂದೊಂದಕ್ಕೂ ಒಂದು ಗಂಟು ಹಾಕಿದಳು. ಹುಡುಗಿ ಕಚಗುಳಿಯಿಂದ ಹಾವಿನ ಹಾಗೆ ಹೊರಳಾಡಿದಳು. ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿ, ಮಾವ ಮಾಡುವ ಹಾಗೆಯೇ ಅಂಚಿಗೆ ಅಂಚು ಕೂಡಿಸಿ ಮಡಿಚಿದಳು. ಇದ್ದಲಿನಿಂದ ಗೆರೆ ಎಳೆದಳು. ಕತ್ತರಿ ಇಲ್ಲ, ಅಡಿಗೆಮನೆಯಿಂದ ಬದನೆಕಾಯಿ ಹೆಚ್ಚುವ ಈಳಿಗೆ ತಂದಳು. ಅದನ್ನು ಕಲ್ಲಿಗೆ ಮಸೆದು, ಮಣೆಯನ್ನು ಕಾಲಿನಿಂದ ಒತ್ತಿ, ಮಡಿಚಿದ ಬಟ್ಟೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಅಲಗಿನ ಮೇಲೆ ತಿರುಗಿಸುತ್ತ ಹೋದಳು.

“ಪಲ್ಯಾ ಮಾಡ್ತಿಯೋ, ಫ್ರಾಕ ಮಾಡ್ತಿಯೋ?” ಎಂದ ಸಿಕಂದರ.

“ನೀವು ತಿನ್ನೂದ ಆದ್ರ ಪಲ್ಯಾ,” ಎಂದಳು.

ಮೂರು ದಿನ ಕೈಯಿಂದಲೇ ಹೊಲಿದಳು. ಸೂಜಿ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಹೊಲಿಗೆಯ ಸಾಲು ಇರುವೆ ಹೊರಟ ಹಾಗೆ ಒತ್ತೊತ್ತಾಗಿತ್ತು. ಹುಡುಗಿ ಬೆಳೆಯುವವಳೆಂದು ಕೆಳಗೆ ನಾಲ್ಕು ಬೆರಳಿನಷ್ಟು ಮಡಿಕೆ ಇಟ್ಟಳು. ಶನಿವಾರ ಮಧ್ಯಾಹ್ನ ರೇಣವ್ವ ಬಂದು ಹೊಸ ಫ್ರಾಕು ತೊಟ್ಟಳು.

ಅದು ಬಲಕ್ಕೆ ಜಾರಿತು. ಎಡ ಕಂಕುಳಲ್ಲಿ ಕಚ್ಚಿತು. ರೇಣವ್ವ ಹೊಸ ಫ್ರಾಕಿನ ಕೊರಳಂಚನ್ನು ಮೆಲ್ಲಗೆ ಬಾಯಿಗೆ ತೆಗೆದುಕೊಂಡಳು.

ಲಾಡಲೇಸಾಬ ಬಾಗಿಲಿಗೆ ಬಂದು ನೋಡಿದ. “ಹಳೇದೂ ಓರಿ, ಹೊಸಾದೂ ಓರಿ! ಹುಡುಗಿ ಮೈ ಕೇಳತೇನಂದಿ, ಏನ ಹೇಳ್ತು ಮೈ?” ಎಂದು ನಕ್ಕ. ಅಷ್ಟಕ್ಕೇ ಬಿಡಲಿಲ್ಲ. ಸಂಜೆ ಚಹಾದ ಅಂಗಡಿಯಲ್ಲಿ ಕೂತು, ಸೊಸೆ ಈಳಿಗೆಯಲ್ಲಿ ಪಾಪ್ಲಿನ್ ಹೆಚ್ಚಿದ ಕತೆಯನ್ನು ಕೈ ಮಾಡಿ ತೋರಿಸಿ ಊರಿಗೆಲ್ಲ ಹೇಳಿದ.

ಪೀರಾಂಬಿ ಆ ಸಂಜೆ ರೊಟ್ಟಿ ಬಡಿಯುವಾಗಲೂ ಫ್ರಾಕಿನದೇ ಯೋಚನೆ ಮಾಡಿದಳು. ಹೊಲಿಗೆಯಲ್ಲಿ ತಪ್ಪಿಲ್ಲ. ನೂಲಿನ ಗಂಟುಗಳೂ ಸರಿ ಇವೆ. ಮತ್ತೆ ಎಲ್ಲಿ ಕೆಟ್ಟಿತು? ಆಗ ಅವಳಿಗೆ ಕಾಖಂಡಕಿಯ ತನ್ನ ಅಪ್ಪ ನೆನಪಾದ. ಅವನು ನೊಗ ಕಟ್ಟುವಾಗ ಎತ್ತಿನ ಹೆಗಲಿಗೆ ಗೋಣಿಯ ಮೆತ್ತೆ ಹೊಲಿಯುತ್ತಿದ್ದ. ಎಡಗಡೆ ಎತ್ತಿನದು ಬೇರೆ, ಬಲಗಡೆ ಎತ್ತಿನದು ಬೇರೆ. ಅದಲುಬದಲು ಮಾಡಿದರೆ ಸಂಜೆಯೊಳಗೆ ಹೆಗಲು ಹುಣ್ಣು. ಎತ್ತಿನ ಹೆಗಲಿಗೆ ಎರಡು ಅಳತೆ ಇರುವಾಗ ತಾನು ಹುಡುಗಿಯ ಎರಡು ಭುಜಕ್ಕೆ ಒಂದೇ ಅಳತೆ ಹಿಡಿದಿದ್ದಳು! ಬಟ್ಟೆಯನ್ನು ಮಡಿಚಿ ಕತ್ತರಿಸಿದರೆ ಬಲಕ್ಕೆ ಬಂದದ್ದೇ ಎಡಕ್ಕೂ ಬರುತ್ತದೆ. ಆರು ವರ್ಷ ಮಾವನ ಕೈ ನೋಡಿ ನೋಡಿ, ಅವನ ಜೊತೆ ಜಗಳವಾಡುವಾಗಲೂ ಅವಳು ಅವನ ಹಾಗೆಯೇ ಮಡಿಚಿದ್ದಳು. ಮಡಿಚದೆ ಕತ್ತರಿಸುವವನು ದರ್ಜಿಯೇ ಅಲ್ಲ ಎಂದು ಲಾಡಲೇಸಾಬ ಯಾವಾಗಲೂ ಹೇಳುತ್ತಿದ್ದ.

“ಹಂಗಾರ ನಾ ದರ್ಜಿ ಅಲ್ಲ,” ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಮರುದಿನ ಐತವಾರ ಹೊತ್ತು ಏರುವಾಗ ಅವಳು ಈಳಿಗೆಯನ್ನು ಕಟ್ಟೆಯ ಮೇಲೆಯೇ ತಂದು ಇಟ್ಟಳು. ಸತ್ಯವ್ವನನ್ನೂ ಮಗಳನ್ನೂ ಕರೆಸಿದಳು.

“ಒಳಗ ನಡಿ,” ಎಂದ ಲಾಡಲೇಸಾಬ. “ಮಂದಿ ನೋಡಾಕತ್ಯಾರ.”

“ನೋಡ್ಲಿ ಬಿಡ್ರಿ ಅಬ್ಬಾ. ನಾ ಕೆಡಿಸಿದ್ದನ್ನ ನೀವು ಊರಿಗೆಲ್ಲ ಹೇಳೀರಿ. ನೆಟ್ಟಗ ಮಾಡೂದನ್ನೂ ಊರ ನೋಡ್ಲಿ.”

ಈ ಸಲ ಎರಡು ನೂಲು ತೆಗೆದುಕೊಂಡಳು, ಬಲಕ್ಕೆ ಕೆಂಪು, ಎಡಕ್ಕೆ ಬಿಳಿ. ಸುಟ್ಟ ಕಲೆಯ ಮೇಲೆ ನೂಲು ಹಿಡಿಯುವಾಗ ರೇಣವ್ವ ಮೈ ಗಟ್ಟಿ ಮಾಡಿದಳು. ಅಲ್ಲಿ ಅವ್ವನ ಹೊರತು ಬೇರೆ ಯಾರೂ ಕೈ ಇಟ್ಟಿರಲಿಲ್ಲ. “ಹೆದರಬ್ಯಾಡ. ಇದೂ ನಿನ್ನ ಭುಜಾನ ಅಲ್ಲ? ಇದಕ್ಕೂ ಅಂಗಿ ಬೇಕಲ್ಲ?” ಎಂದಳು ಪೀರಾಂಬಿ. ಎರಡು ನೂಲಿನ ನಡುವೆ ಎರಡು ಬೆರಳು ಫರಕು ಬಂತು.

ಮೂರು ದಿನ ಹಾಕಿದ ಹೊಲಿಗೆಯನ್ನು ಬಿಚ್ಚಿದಳು. ಬಟ್ಟೆಯನ್ನು ಮಡಿಚದೆ ಕಟ್ಟೆಯ ಮೇಲೆ ಹರವಿದಳು. ಬಲಭುಜದ ಕಡೆಗೆ ಎರಡು ಬೆರಳು ಇಳಿಜಾರು ಕತ್ತರಿಸಿದಳು, ತೋಳಿನ ಸುತ್ತನ್ನೂ ಅಷ್ಟೇ ಕೆಳಗಿಳಿಸಿದಳು. ಎಡಗಡೆ ಸುತ್ತನ್ನು ಮುಂದಕ್ಕೆ ಅಗಲ ಮಾಡಿದಳು. ಎತ್ತರದ ಭುಜ ಫ್ರಾಕನ್ನು ಮೇಲಕ್ಕೆಳೆಯುತ್ತದೆಂದು ಎಡಗಡೆ ಕೆಳಗಿನ ಮಡಿಕೆಯನ್ನು ಎರಡು ಬೆರಳು ಬಿಚ್ಚಿ ಇಳಿಬಿಟ್ಟಳು. ಹರವಿದ ಬಟ್ಟೆ ಈಗ ಕಣ್ಣಿಗೆ ಓರೆ, ಸೊಟ್ಟ. ದಾರಿಯಲ್ಲಿ ಹೋಗುವವರು ನಿಂತರು.

“ದರ್ಜಿ ಸೊಸಿ ಒಂಟೆಗೆ ಅಂಗಿ ಹೊಲ್ಯಾಕತ್ಯಾಳಲೇ!” ಎಂದ ಒಬ್ಬ.

ರೇಣವ್ವ ಬಾಯಿಂದ ಹಸಿರು ಫ್ರಾಕು ಬಿಟ್ಟು, ಕೈಯಿಂದ ಹಿಡಿದುಕೊಂಡು ಕೂಗಿದಳು: “ನಿಮ್ಮ ಅಳತಿ ಆಮ್ಯಾಲೆ ತೊಗೋತಾರ್ರೀ ಕಾಕಾ, ಪಾಳೀ ಹಚ್ರಿ!”

ಕಟ್ಟೆಯ ಸುತ್ತ ನಗೆ ಎದ್ದಿತು. ಪೀರಾಂಬಿ ನಗಲಿಲ್ಲ, ತಲೆಯೆತ್ತಲೂ ಇಲ್ಲ. ಮಧ್ಯಾಹ್ನದ ಊಟಕ್ಕೂ ಏಳದೆ ಹೊಲಿದಳು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಗಂಟು ಹಾಕಿ, ನೂಲನ್ನು ಹಲ್ಲಿನಿಂದ ಕಡಿದು, ಹುಡುಗಿಯನ್ನು ಒಳಗೆ ಕರೆದು ಫ್ರಾಕು ತೊಡಿಸಿ ಕಟ್ಟೆಯ ಮೇಲೆ ನಿಲ್ಲಿಸಿದಳು.

“ಮಗ್ಗಿ ಹೇಳು.”

“ಯಾವದ್ರಿ?”

“ಯಾವ ಬೇಕಾದ್ದು. ಬಾಯಿ ತುಂಬ ಹೇಳು.”

ರೇಣವ್ವ ಹದಿನೇಳರ ಮಗ್ಗಿ ಸುರು ಮಾಡಿದಳು. ಹದಿನೇಳೈದಲೆ ಎಂಬತ್ತೈದಕ್ಕೆ ಬಲಗೈಯನ್ನು ಅಭ್ಯಾಸದಿಂದ ಭುಜಕ್ಕೆ ಒಯ್ದಳು. ಹಿಡಿಯಲು ಏನೂ ಇರಲಿಲ್ಲ. ಫ್ರಾಕು ತನ್ನ ಜಾಗದಲ್ಲಿ ಕೂತಿತ್ತು. ಕೆಳಗಿನ ಅಂಚು ಎರಡೂ ಮೊಣಕಾಲಿನ ಮೇಲೆ ಒಂದೇ ಸಮ ಇತ್ತು. ಹುಡುಗಿಯ ದನಿ ಏರಿತು. ನೂರಾ ಎಪ್ಪತ್ತು ಬರುವ ಹೊತ್ತಿಗೆ ಅದು ಚಹಾದ ಅಂಗಡಿಯ ತನಕ ಕೇಳುತ್ತಿತ್ತು.

ಲಾಡಲೇಸಾಬ ಹತ್ತಿರ ಬಂದ. ಹುಡುಗಿಯನ್ನು ಮುಟ್ಟದೆ ಸುತ್ತಲೂ ತಿರುಗಿ ಹೊಲಿಗೆ ನೋಡಿದ, ಅಂಚು ನೋಡಿದ.

“ಹಾಸಿ ನೋಡಿದ್ರ ಓರಿನ,” ಎಂದ ಕಡೆಗೆ.

“ಹಾಸಾಕ ಹೊಲದಿಲ್ರಿ ಅಬ್ಬಾ,” ಎಂದಳು ಪೀರಾಂಬಿ. “ಹಾಕ್ಕೊಳ್ಳಾಕ ಹೊಲದೇನಿ.”

ಅವನು ಒಳಗೆ ಹೋಗಿ ಕತ್ತರಿಯನ್ನು ಮಲ್ಲಿನಲ್ಲಿ ಸುತ್ತಿದ. ಅದನ್ನು ಸೊಸೆಗೆ ಕೊಡಲಿಲ್ಲ, ಆ ದಿನವೂ ಇಲ್ಲ, ಮುಂದೆಯೂ ಇಲ್ಲ. ಅವಳೂ ಕೇಳಲಿಲ್ಲ. ಆದರೆ ಕಟ್ಟೆಯಿಂದ ಏಳು ಎಂದು ಅವನು ಮತ್ತೆ ಹೇಳಲಿಲ್ಲ. ಸೋಮವಾರ ರೇಣವ್ವ ಸಾಲೆಗೆ ಹೋದಳು. ಬುಧವಾರ ಸತ್ಯವ್ವನ ಓಣಿಯ ಹೆಂಗಸೊಬ್ಬಳು ಬಂದು, ಹದಿನೈದು ವರ್ಷದ ಹಳೆಯ ಅಳತೆಯ ಕುಬಸವನ್ನು ಪೀರಾಂಬಿಯ ಮುಂದೆ ಇಟ್ಟು, “ಇದನ್ನ ಬಿಟ್ಟು ನನ್ನ ನೋಡಿ ಹೊಲಿ ಯವ್ವಾ, ಉಸರ ಹಾಕಾಕ ಬರವಲ್ದು,” ಎಂದಳು. ಅದೇ ವರ್ಷ ದೀಪಾವಳಿಯ ಮುಂದೆ ಪೀರಾಂಬಿ ವಿಜಾಪುರದ ಪೇಟೆಗೆ ತಾನೇ ಹೋಗಿ ಒಂದು ಕತ್ತರಿ ಕೊಂಡು ತಂದಳು.

ಈಗ ಐದು ವರ್ಷವಾಯಿತು. ರೇಣವ್ವ ವಿಜಾಪುರದಲ್ಲಿ ಹೈಸ್ಕೂಲು ಓದುತ್ತಾಳೆ. ಲಾಡಲೇಸಾಬ ಅಂಗಡಿಯಲ್ಲಿ ಇಂದಿಗೂ ಅಳತೆಯ ಅಂಗಿ ಕೇಳುತ್ತಾನೆ. ಪೀರಾಂಬಿ ಟಿಕೋಟಾದ ಅದೇ ಕಟ್ಟೆಯ ಮೇಲೆ ಕೂತು ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತಾಳೆ; ಎರಡೂ ಭುಜದ ಅಳತೆಯನ್ನು ಬೇರೆ ಬೇರೆ ನೂಲಿನಲ್ಲಿ ತೆಗೆದುಕೊಂಡ ಮೇಲೆಯೇ ಕತ್ತರಿ ಹಾಕುತ್ತಾಳೆ.