ಅವ್ವ ಮಂಗನ ಮೈ ತೊಳೆದ ಮೇಲೆ

ಕುಳಗಿಯ ಕಾಡಿನಲ್ಲಿ ನನ್ನ ಕೆಲಸ ಉಣ್ಣಿ ಹಿಡಿಯುವುದು. ನಗಬೇಡಿ, ಎಂಬತ್ತರ ದಶಕದಲ್ಲಿ ಅದೂ ಒಂದು ನೌಕರಿಯಾಗಿತ್ತು. ಧಾರವಾಡದಲ್ಲಿ ಲ್ಯಾಬ್ ತರಬೇತಿ ಮುಗಿಸಿ ಬಂದ ನನ್ನನ್ನು ಮಂಗನ ಕಾಯಿಲೆಯ ಸಂಶೋಧನೆಗೆ ಬಂದಿದ್ದ ತಂಡವೊಂದು ಸೇರಿಸಿಕೊಂಡಿತ್ತು. ಬಿಳಿ ಬಟ್ಟೆಯನ್ನು ಒಣ ಎಲೆಗಳ ಮೇಲೆ ಎಳೆದುಕೊಂಡು ಹೋಗಬೇಕು, ಅದಕ್ಕೆ ಅಂಟಿದ ಉಣ್ಣಿಗಳನ್ನು ಚಿಮಟದಿಂದ ಎತ್ತಿ ಗಾಜಿನ ನಳಿಕೆಗೆ ಹಾಕಬೇಕು. ಸಾಸಿವೆಗಿಂತ ಸಣ್ಣ ಹುಳ. ರೋಗ ಬಂದ ಮಂಗ ಸತ್ತರೆ ಅದರ ಮೈಮೇಲಿನ ಉಣ್ಣಿಗಳು ಇಳಿದು ಹತ್ತಿರ ಬಂದವರನ್ನು ಹತ್ತುತ್ತವೆ. ಆಮೇಲೆ ಜ್ವರ, ಸಿಡಿಯುವ ತಲೆನೋವು, ಮೂಗು-ಒಸಡಿನಲ್ಲಿ ರಕ್ತ. ಕೆಲವರಿಗೆ ಮಿದುಳಿಗೇ ಏರುತ್ತದೆ. ಔಷಧವಿಲ್ಲ. ಹೆದರಿಕೆ ನನಗೆ ಮೊದಲಿನಿಂದಲೂ ಇತ್ತು, ಆದರೆ ಸಂಜೆ ದಾಂಡೇಲಿಯ ಬಸ್ಸು ಹತ್ತಿದರೆ ಅದು ಕಾಡಿನಲ್ಲೇ ಉಳಿಯುತ್ತಿತ್ತು.

ದಾಂಡೇಲಿಯಲ್ಲಿ ನಮ್ಮದು ಕಾಗದದ ಕಾರ್ಖಾನೆಯ ಹಿಂದಿನ ಓಣಿ. ಹೆಚ್ಚಿನವರು ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸಕ್ಕೆ ಬಂದವರು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ.

ಅಂದು ರಜೆ. ಸಂತೆಗೆ ಹೋಗಿ ಬರುವಷ್ಟರಲ್ಲಿ ಓಣಿಯಲ್ಲಿ ಭಜನೆಯ ತಾಳ ಕೇಳುತ್ತಿತ್ತು. ನಮ್ಮ ಕಟ್ಟೆಯ ಮೇಲೆ ಒಂದು ಮುಸುವ ಸತ್ತು ಬಿದ್ದಿತ್ತಂತೆ. ನಮ್ಮ ಕಡೆ ಮಂಗ ಸತ್ತರೆ ಹನುಮಪ್ಪನೇ ಸತ್ತಂತೆ. ಮೈ ತೊಳೆದು, ವಿಭೂತಿ ಹಚ್ಚಿ, ಮಾಲೆ ಹಾಕಿ, ಕುರ್ಚಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಬಾಗಿಲಿಗೆ ಬಂದು ಪ್ರಾಣ ಬಿಟ್ಟಿದೆ ಎಂದ ಮೇಲೆ ಮೈ ತೊಳೆಯುವ ಪುಣ್ಯ ನಮ್ಮವ್ವನದೇ ಆಯಿತು. ಅವಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೂದಲು ಬಿಡಿಸಿ ಬಿಡಿಸಿ ಉಣ್ಣಿ ಕೀಳುತ್ತಿದ್ದಳು. ಕಿತ್ತದ್ದನ್ನು ಹೇನು ಕುಕ್ಕಿದ ಹಾಗೆ ಎರಡು ಉಗುರುಗಳ ನಡುವೆ ಚಟ್ಟೆಂದು ಒತ್ತುತ್ತಿದ್ದಳು.

"ಪಾಪ, ಹೆಂಗ ಕಡದಾವ ನೋಡ. ಜೀವ ಇದ್ದಾಗ ಎಷ್ಟ ಕಾಡಿರಬೇಕ," ಎಂದಳು.

ಕೈಯಲ್ಲಿದ್ದ ಚೀಲ ಬಿತ್ತು. "ಅವ್ವಾ, ಬಿಡದನ್ನ! ಮುಟ್ಟಬ್ಯಾಡ!" ಎಂದು ಕೂಗಿದೆ. ನನ್ನ ಬಾಯಿ ಮೊದಲೇ ಜೋರು, ಅಂದು ಇಡೀ ಓಣಿಗೆ ಕೇಳಿತು.

"ಬಂದಳ್ರಪಾ ಡಾಕ್ಟರಮ್ಮ," ಎಂದರು ಭಜನೆ ಹೇಳಿಸುತ್ತಿದ್ದ ಪಕ್ಕದ ಮನೆಯ ಕಾಕಾ. ಎಲ್ಲರೂ ನಕ್ಕರು. ನಾನು ಅವ್ವನ ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ದೆ. ಸೀರೆ ಬಿಚ್ಚಿಸಿ ಕುದಿಯುವ ನೀರಿಗೆ ಹಾಕಿದೆ. ಕತ್ತು, ಬಗಲು, ಸೊಂಟ, ಕೂದಲಿನ ಬುಡ ಎಲ್ಲ ಹುಡುಕಿದೆ. ಬಲಗಿವಿಯ ಹಿಂದೆ ಒಂದು ಉಣ್ಣಿ ಆಗಲೇ ಕಚ್ಚಿ ಕೂತಿತ್ತು. ಚಿಮಟದಿಂದ ಕಿತ್ತೆ. ಶಿವನೇ, ಇದೊಂದು ಬರೀ ಉಣ್ಣಿಯಾಗಿರಲಿ ಎಂದು ಬೇಡಿಕೊಂಡೆ.

ಅಂಚೆ ಕಚೇರಿಗೆ ಓಡಿ ಕುಳಗಿಯ ಕ್ಯಾಂಪಿಗೆ ಫೋನು ಮಾಡಿಸಿದೆ. ನಮ್ಮ ತಂಡದ ಡಾಕ್ಟರು ಜೀಪಿನಲ್ಲಿ ಬಂದರು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. "ಹೂಳುವ ಮೊದಲು ಇದರ ಮಿದುಳಿನ ಒಂದು ತುಣುಕು ಬೇಕು," ಎಂದರು. ತಾಳ ನಿಂತಿತು.

"ಹನುಮಪ್ಪನ ತಲಿ ಒಡೀತೀರೇನ್ರೀ? ಮೊದಲ ನಮ್ಮನ್ನ ಕೊಯ್ದ ಹಾಕ್ರಿ," ಎಂದು ಕಾಕಾ ಮಂಗನನ್ನು ಕೂರಿಸಿದ್ದ ಕುರ್ಚಿಗೆ ಅಡ್ಡ ನಿಂತರು. ಗಂಡಸರೆಲ್ಲ ಅವರ ಹಿಂದೆ ನಿಂತರು. ಡಾಕ್ಟರು ನನ್ನತ್ತ ನೋಡಿದರು. ನನ್ನ ತಲೆಯಲ್ಲಿ ಇದ್ದದ್ದು ಆ ಕಿವಿಯ ಹಿಂದಿನ ಕೆಂಪು ಚುಕ್ಕೆಯೊಂದೇ.

ಅವ್ವ ಒದ್ದೆ ಕೂದಲಲ್ಲೇ ಹೊರಗೆ ಬಂದಳು. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು:

"ಇದನ್ನ ಕೊಯ್ದರ ನನಗ ಔಷಧ ಸಿಗತೈತೇನ?"

"ಇಲ್ಲವ್ವಾ."

"ಮತ್ಯಾಕ?"

"ರೋಗ ಇದ್ದದ್ದು ಖಾತ್ರಿ ಆದರ ಲಸಿಕೆ ತರಸ್ತಾರ. ಓಣ್ಯಾಗಿನ ಉಳಿದವರಿಗೆ ಹಾಕಬಹುದು."

ಉಣ್ಣಿ ಆಗಲೇ ಕಚ್ಚಿದವರಿಗೆ ಲಸಿಕೆ ತಡವಾಯಿತು. ಅವಳು ನನ್ನ ಮುಖವನ್ನು ನೋಡಿದಳು, ಕಾಕಾನ ಮುಂದೆ ಹೋಗಿ ನಿಂತಳು. "ನನ್ನ ಬಾಗಿಲಾಗ ಸತ್ತೈತಿ, ನಾ ಮೈ ತೊಳದೇನಿ. ನಾನ ಹೇಳಾಕತ್ತೇನಿ, ಅತ್ತಾಗ ಸರೀರಿ." ಡಾಕ್ಟರಿಗೆ, "ಕೊಯ್ದದ್ದನ್ನ ಚಂದಂಗ ಹೊಲದ ಕೊಡ್ರಿ," ಎಂದಳು. ಅವರು ಹಾಗೆಯೇ ಹೊಲಿದು ಕೊಟ್ಟರು. ಕಾಕಾ ಅಂದಿನಿಂದ ನಮ್ಮೊಂದಿಗೆ ಮಾತು ಬಿಟ್ಟರು.

ತುಣುಕನ್ನು ಮಂಜುಗಡ್ಡೆಯಲ್ಲಿಟ್ಟು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಅದನ್ನು ಅರೆದು ಇಲಿಮರಿಗಳಿಗೆ ಚುಚ್ಚುತ್ತಾರೆ. ಮರಿಗಳು ಬದುಕಿದರೆ ನಾವು ಬದುಕಿದೆವು, ಸತ್ತರೆ ಮಂಗನಿಗೆ ಇದ್ದದ್ದು ಅದೇ ರೋಗ. ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಕಣ್ಣು ಬಿಡದ ಇಲಿಮರಿಗಳು ಹಾಲು ಕುಡಿಯುತ್ತಿರಲಿ ಎಂದು ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ.

ಹೊತ್ತು ಹೊತ್ತಿಗೆ ಅವ್ವನ ಹಣೆ ಮುಟ್ಟುತ್ತಿದ್ದೆ. ಒಲೆಯ ಮುಂದೆ ಕೂತು ಅವಳ ಮುಖ ಕೆಂಪಾದರೂ ಮತ್ತೆ ಮುಟ್ಟುತ್ತಿದ್ದೆ. ಅವಳು ನನ್ನ ಕೈ ತಳ್ಳುತ್ತಿದ್ದಳು. "ಸಾಯೂ ಮಂದಿ ಹಿಂಗ ರೊಟ್ಟಿ ಬಡೀತಾರೇನ? ಹೋಗ, ನೀರ ತುಂಬ."

ವಾರ ಕಳೆಯಿತೋ ಇಲ್ಲವೋ, ಕ್ಯಾಂಪಿಗೆ ತಂತಿ ಬಂತು. ಇಲಿಮರಿಗಳು ಸತ್ತಿದ್ದವು.

ಮರುದಿನವೇ ಲಸಿಕೆ ಬಂತು. ನಮ್ಮ ಕಟ್ಟೆಯ ಮೇಲೆ ಮೇಜು ಹಾಕಿದೆವು, ಸೂಜಿ ಹಾಕುವ ಕೆಲಸ ನನಗೇ ಬಂತು. ಆದರೆ ಓಣಿಯ ಬಾಗಿಲುಗಳು ತೆರೆಯಲಿಲ್ಲ. ಇದು ಮಕ್ಕಳಾಗದ ಹಾಗೆ ಮಾಡುವ ಸೂಜಿ ಎಂದು ಯಾರೋ ಹಬ್ಬಿಸಿದ್ದರು. ಆ ಕಾಲದಲ್ಲಿ ಸರಕಾರಿ ಸೂಜಿ ಎಂದರೆ ಎಲ್ಲರಿಗೂ ಮೊದಲು ಬರುತ್ತಿದ್ದ ಅನುಮಾನ ಅದೇ. ಡಾಕ್ಟರು ಮನೆ ಮನೆಗೆ ಹೋಗಿ ಕೈ ಮುಗಿದರು. ಕಡೆಗೆ ಕೆಲವು ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬಂದು ದೂರ ನಿಂತರು. ಮುಂದೆ ಬರುವ ಧೈರ್ಯ ಯಾರಿಗೂ ಇಲ್ಲ.

ಆಗ ಅವ್ವ ಒಳಗಿನಿಂದ ಬಂದು ಕುಪ್ಪಸದ ತೋಳು ಮೇಲೇರಿಸಿ ಕೂತಳು. ಸ್ಪಿರಿಟ್ ಹಚ್ಚಲು ತೋಳು ಹಿಡಿದೆ. ಕೆಂಡ ಮುಟ್ಟಿದಂತಾಯಿತು. ಕಣ್ಣು ಕೆಂಪು, ತುಟಿ ಒಣಗಿತ್ತು.

"ಯಾವಾಗಿಂದವ್ವಾ?"

"ಸುಮ್ನ ಹಾಕ," ಎಂದಳು ತುಟಿ ಅಲುಗಿಸದೆ. "ಜ್ವರ ಅಂದ್ರ ಎಲ್ಲಾರೂ ಓಡಿ ಹೋಗ್ತಾರ. ಹಾಕ ನೀ."

ಲಸಿಕೆ ಅವಳಿಗೆ ಇನ್ನು ಉಪಯೋಗವಿಲ್ಲ ಎಂದು ನನಗೆ ಗೊತ್ತಿತ್ತು. ಔಷಧವಿಲ್ಲದ ಖಾಲಿ ಸೂಜಿಯನ್ನೇ ಚುಚ್ಚಿ ತೆಗೆದೆ. ಅವ್ವ ಎದ್ದು ಎಲ್ಲರಿಗೂ ಕೇಳುವಂತೆ, "ಇರಿವಿ ಕಡದಂಗಾತು ಅಷ್ಟ, ಬರ್ರೆವ್ವಾ," ಎಂದಳು. ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಡಾಕ್ಟರು ಅವಳ ನಡಿಗೆ ನೋಡಿ ಹಿಂದೆಯೇ ಹೋದರು.

ಸಾಲು ಬೆಳೆಯಿತು. ಕಾಕಾನೂ ಮೊಮ್ಮಗಳನ್ನು ಎತ್ತಿಕೊಂಡು ಬಂದರು. ನಾನು ಅಳಕೂಡದು, ಓಡಕೂಡದು. ಒಳಗಿನಿಂದ ನರಳುವ ದನಿ ಬಂದಾಗಲೆಲ್ಲ ಮುಂದಿನ ತೋಳನ್ನು ಇನ್ನೂ ಗಟ್ಟಿಯಾಗಿ ಹಿಡಿದೆ.

ಕೊನೆಯ ಮಗುವಿಗೆ ಸೂಜಿ ಹಾಕಿ ಒಳಗೆ ಓಡಿದೆ. ಅವ್ವ ನನ್ನನ್ನು ನೆಟ್ಟ ಕಣ್ಣಿಂದ ನೋಡಿದಳು.

"ಯಾರವ್ವ ನೀ? ನನ್ನ ಮಗಳು ಹೊರಗ ಸೂಜಿ ಹಾಕಾಕತ್ತಾಳ. ಅಕೀನ್ನ ಒಂದೀಟ ಕರೀತೀಯೇನ?"