ಬಲಕ್ಕೆ ತೆರೆಯುವ ಇಪ್ಪತ್ತೊಂಬತ್ತನೇ ವಾಲ್ವ್

ಬೆಳಗಿನ ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಬೀದಿಯ ತಿರುವಿನಲ್ಲಿ ಕಬ್ಬಿಣದ ಮುಚ್ಚಳ ತೆಗೆದ ಒಂದು ಗುಂಡಿ. ಅದರೊಳಗಿನ ವಾಲ್ವಿಗೆ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಇಳಿಸಿ ಇಬ್ಬರು ಯುವಕರು ತಿರುಗಿಸುತ್ತಿದ್ದಾರೆ. ಪಕ್ಕದಲ್ಲಿ ಐವತ್ತನಾಲ್ಕು ವರ್ಷದ ಒಬ್ಬರು ಮಂಡಿಯೂರಿ ಕೂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಿವಿಯನ್ನು ಕೀಲಿಯ ಸರಳಿಗೆ ಆನಿಸಿದ್ದಾರೆ. ನೆಲದೊಳಗೆ ನೀರು ಹೊರಟ ಸದ್ದು ಅವರಿಗೆ ಮಾತ್ರ ಕೇಳುತ್ತಿದೆ.

"ಇನ್ನೊಂದು ಸುತ್ತು. ನಿಧಾನ... ಹಾಂ, ಸಾಕು. ಇಲ್ಲಿಗೆ ಬಿಡಿ."

"ಈ ಹಾಳೇಲಿ ಹದಿನೆಂಟು ಅಂತಿದೆಯಲ್ಲಣ್ಣ? ಇದು ಹದಿನಾರೇ ಆಯ್ತು."

"ಹದಿನೆಂಟು ಬೇಸಿಗೆಗೆ. ಈಗ ತೊಟ್ಟಿ ತುಂಬಿದೆ, ಒತ್ತಡ ಜಾಸ್ತಿ. ಹದಿನೆಂಟು ಬಿಟ್ರೆ ಆ ಮೂಲೆಮನೆ ನಲ್ಲಿ ಕಿತ್ಕೊಂಡು ಆಕಾಶಕ್ಕೆ ಹೋಗುತ್ತೆ. ಅದರ ಹಿಂದೇನೇ ಆ ಮನೆ ಅಜ್ಜಿ ನಿಮ್ಮನ್ನೂ ಕಳಿಸ್ತಾರೆ."

ಯುವಕರು ನಗುತ್ತಾರೆ. ಮಂಡಿಯೂರಿದ್ದವರೂ ನಗುತ್ತಲೇ ಏಳುತ್ತಾರೆ; ಏಳುವಾಗಲೂ ಕೀಲಿಯ ಆಸರೆ ಹಿಡಿಯುವುದಿಲ್ಲ. ವಾಲ್ವಿಗಾಗಲಿ ಕೀಲಿಗಾಗಲಿ ಕೈ ಹಚ್ಚಬಾರದು ಎಂದು ಅವರಿಗೆ ನೀರು ಸರಬರಾಜು ಕಚೇರಿಯಿಂದ ಲಿಖಿತ ಆದೇಶವಿದೆ. ಕೇಳಿಸಿಕೊಳ್ಳಬಾರದು ಎಂದು ಅದರಲ್ಲಿ ಬರೆದಿಲ್ಲ.

ಊರಿನ ಮಕ್ಕಳು ಅವರನ್ನು ಕರೆಯುವುದು ಕೀಲಿ ಮಾಮ ಎಂದು. ಇಪ್ಪತ್ತೆರಡು ವರ್ಷ ಈ ಊರಿಗೆ ನೀರು ಬಿಟ್ಟವರು. ನಲವತ್ಮೂರು ವಾಲ್ವ್‌ಗಳು, ಹನ್ನೊಂದು ಕಿಲೋಮೀಟರ್ ಸೈಕಲ್ ತುಳಿತ, ತೆರೆಯುವುದೂ ಮುಚ್ಚುವುದೂ ಸೇರಿ ದಿನಕ್ಕೆ ಹತ್ತಿರ ಹತ್ತಿರ ಎಂಟುನೂರು ಸುತ್ತು. ಯಾವ ಬೀದಿಗೆ ಯಾವ ದಿನ, ಯಾವ ವಾಲ್ವ್ ಎಷ್ಟು ಸುತ್ತು, ಯಾವುದರ ಮೇಲೆ ಯಾರು ಕಾರು ನಿಲ್ಲಿಸುತ್ತಾರೆ, ಯಾವುದರ ಗುಂಡಿಯಲ್ಲಿ ಚೇಳು ಇರುತ್ತದೆ, ಎಲ್ಲ ಅವರ ತಲೆಯಲ್ಲೇ ಇತ್ತು. ಕಚೇರಿಯಲ್ಲಿದ್ದ ನಕ್ಷೆ ಹಳೆಯ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಸಾಮಾನು ಸಾಗಿಸುವಾಗ ಕಳೆದುಹೋಯಿತಂತೆ. ಯಾರೂ ಹುಡುಕಲಿಲ್ಲ. ನಕ್ಷೆ ದಿನಾ ಬೆಳಗ್ಗೆ ಸೈಕಲ್ ಏರಿ ಹೊರಡುತ್ತಿದ್ದಾಗ ಹುಡುಕುವ ಅಗತ್ಯವೂ ಇರಲಿಲ್ಲ.

ಅವರ ಬಲಭುಜ ಈಗ ಅರ್ಧಕ್ಕಿಂತ ಮೇಲೇಳುವುದಿಲ್ಲ. ಅಂಗಿಯ ತೋಳು ತೊಡಿಸಲು ಹೆಂಡತಿ ಬೇಕು. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾರೆ. "ನಿದ್ದೇಲೂ ಎಣಿಸ್ತಾರೆ ರೀ. ಹನ್ನೆರಡು, ಹದಿಮೂರು ಅಂತ. ಮದುವೆಯಾದ ಹೊಸದರಲ್ಲಿ ಯಾರ ವಯಸ್ಸು ಎಣಿಸ್ತಾರಪ್ಪಾ ಅಂತ ಎದೆ ಹೊಡ್ಕೊಂಡಿತ್ತು ನಂಗೆ," ಎನ್ನುತ್ತಾರೆ. ಗಂಡ ಗೋಡೆಯ ಕಡೆ ನೋಡಿ ನಗುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಯಾವ ಬೀದಿಗೂ ನೀರು ತಪ್ಪಿಸಿಲ್ಲ ಎಂದು ಆಕೆ ಹೇಳಿದಾಗ ಮಾತ್ರ ತಿದ್ದುತ್ತಾರೆ: "ಎರಡು ಸಲ ತಪ್ಪಿದೆ. ಒಂದು ನಮ್ಮ ಅವ್ವ ಹೋದಾಗ. ಇನ್ನೊಂದು ಜ್ವರ."

ಹೋದ ವರ್ಷದವರೆಗೆ ಈ ನಲವತ್ಮೂರು ವಾಲ್ವ್‌ಗಳ ಬಗ್ಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಮೊದಲು ಕೇಳಿದವರು ಒಂಬತ್ತನೇ ತರಗತಿಯ ಐವರು ಮಕ್ಕಳು. ಶಾಲೆಯಲ್ಲಿ ಗುಂಪು ಯೋಜನೆ ಕೊಟ್ಟಿದ್ದರು: ಊರಿನ ಯಾವುದಾದರೂ ಒಂದು ವಿಷಯ ಆರಿಸಿಕೊಂಡು ಐವರೂ ಸೇರಿ ಒಂದು ವಿಕಿ ಪುಟ ಕಟ್ಟಬೇಕು. ಗುಂಪಿನ ಯಾರು ಬೇಕಾದರೂ ಅದರಲ್ಲಿ ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು; ಯಾರು, ಯಾವ ದಿನ, ಎಷ್ಟು ಗಂಟೆಗೆ ಏನು ಬದಲಿಸಿದರು ಎಂಬುದನ್ನು ಪುಟವೇ 'ಇತಿಹಾಸ' ಎಂಬ ಭಾಗದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಉಳಿದ ಗುಂಪುಗಳು ಸೇತುವೆ, ಗ್ರಂಥಾಲಯ, ಮಾರುಕಟ್ಟೆ ಹಂಚಿಕೊಂಡವು. ಈ ಐವರಿಗೆ ಉಳಿದದ್ದು ನಲ್ಲಿ ನೀರು.

ಹನ್ನೊಂದು ಬೆಳಗು ಅವರು ಕೀಲಿ ಮಾಮನ ಸೈಕಲ್ ಹಿಂದೆ ಸುತ್ತಿದರು. ಒಬ್ಬರು ಫೋಟೊ, ಒಬ್ಬರು ನಕ್ಷೆ, ಒಬ್ಬರು ಅಳತೆ, ಒಬ್ಬರು ಕೊನೆಗೆ ಪುಟವನ್ನು ಒಪ್ಪ ಮಾಡುವುದು. ಬರೆಯುವ ಕೆಲಸ ಎರಡು ಜಡೆಯ ಒಬ್ಬ ಹುಡುಗಿಯದು. ಅವಳ ನೋಟ್‌ಬುಕ್ಕಿನ ಮೊದಲ ಪುಟ ನೀರು ಸಿಡಿದು ಉಬ್ಬಿಕೊಂಡಿದೆ. ಇಪ್ಪತ್ತೊಂಬತ್ತನೆಯದರ ಹತ್ತಿರ ಅವಳು ಪೆನ್ನು ನಿಲ್ಲಿಸಿ ಕೇಳಿದ್ದಳು: "ಮಾಮ, ಎಲ್ಲವೂ ಎಡಕ್ಕೆ ತಿರುಗಿಸಿದ್ರೆ ತೆರೆಯುತ್ತೆ. ಇದೊಂದು ಯಾಕೆ ಬಲಕ್ಕೆ?"

"ಅದು ಹಳೇ ಕಾಲದ್ದು ಕಣಮ್ಮ, ಅದರ ತಿರುಪೇ ಉಲ್ಟಾ. ಮನೆಗೊಬ್ಬ ಹಟಮಾರಿ ಇರ್ತಾನಲ್ಲ, ಹಾಗೆ. ದೊಡ್ಡದಾಗಿ ಬರ್ಕೋ. ಎಡಕ್ಕೆ ಬಲವಂತ ಮಾಡಿದ್ರೆ ಮುರಿಯುತ್ತೆ."

ಅವಳು 'ಬಲಕ್ಕೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಆ ಗೆರೆಗಳು ಈಗಲೂ ನೋಟ್‌ಬುಕ್ಕಿನಲ್ಲಿವೆ.

ಪುಟಕ್ಕೆ ಮೊದಲ ಬಹುಮಾನ ಬಂತು. ನೀರು ಸರಬರಾಜು ಕಚೇರಿಯ ಇಂಜಿನಿಯರ್ ಶಾಲೆಗೆ ಬಂದು ಭಾಷಣ ಮಾಡಿದರು. ಪ್ರಮಾಣಪತ್ರ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಚೌಕಟ್ಟಿನೊಳಗೆ ತೂಗುತ್ತಿದೆ. ಪುಟದ ಕೊನೆಯಲ್ಲಿ ಕಚೇರಿಯ 'ಅಮೂಲ್ಯ ಸಹಕಾರ'ಕ್ಕೆ ಕೃತಜ್ಞತೆ ಇದೆ. ಹನ್ನೊಂದು ದಿನ ಕೆಲಸದ ನಡುವೆ ನಿಂತು, ಮಕ್ಕಳ ನೂರೆಂಟು ಪ್ರಶ್ನೆಗೆ ಉತ್ತರ ಕೊಟ್ಟವರು ಅದರಲ್ಲಿ 'ಸ್ಥಳೀಯ ಮಾಹಿತಿದಾರ' ಎಂಬ ಎರಡು ಪದಗಳಾಗಿದ್ದಾರೆ. ಬಹುಮಾನದ ದಿನ ಅವರನ್ನು ಕರೆದಿರಲಿಲ್ಲ. "ಕರೆದಿದ್ರೂ ಹೇಗೆ ಹೋಗ್ಲಿ? ಆ ಹೊತ್ತಲ್ಲಿ ಮೇಲಿನ ಬೀದಿಗೆ ನೀರು," ಎಂದಷ್ಟೇ ಹೇಳುತ್ತಾರೆ.

ಎರಡು ತಿಂಗಳ ನಂತರ ಅವರ ಕೈಗೆ ಒಂದು ಕಾಗದ ಬಂತು. 'ವಾಲ್ವ್‌ಗಳ ಸಂಪೂರ್ಣ ವಿವರ ಈಗ ಲಭ್ಯವಿರುವುದರಿಂದ' ನೀರು ಬಿಡುವ ಕೆಲಸವನ್ನು ಗುತ್ತಿಗೆಗೆ ಕೊಡಲಾಗಿದೆ. ಅವರು ಇನ್ನು ಪಂಪ್‌ಹೌಸಿನ ಗೇಟು ಕಾಯಬೇಕು. ಆ 'ಸಂಪೂರ್ಣ ವಿವರ' ಎಂದರೆ ಮಕ್ಕಳ ಪುಟ. ಗುತ್ತಿಗೆಯ ಇಬ್ಬರು ಯುವಕರ ಕೈಗೆ ಅದನ್ನೇ ಮುದ್ರಿಸಿ ಕೊಟ್ಟಿದ್ದರು. ಎರಡು ದಶಕ ಊರು ಬೆಳೆದಂತೆ ಬೆಳೆದ ಒಂದು ತಿಳಿವಳಿಕೆಯನ್ನು ಮಕ್ಕಳು ಕೇಳಿದ ಕೂಡಲೇ ಒಬ್ಬ ಮನುಷ್ಯ ಅವರ ಕೈಗಿಟ್ಟ. ಅದು ಕೈಸೇರಿದ ಮೇಲೆ ಮನುಷ್ಯ ಬೇಡವಾದ. ಇದಕ್ಕೆ ಕಚೇರಿಯ ಭಾಷೆಯಲ್ಲಿ ಸುಧಾರಣೆ ಎಂದು ಹೆಸರು.

ಮೂರನೇ ದಿನ, ಅದರ ಸರದಿ ಮೊದಲ ಸಲ ಬಂದಾಗಲೇ, ಇಪ್ಪತ್ತೊಂಬತ್ತನೆಯದು ಮುರಿಯಿತು. ಯುವಕರು ಕೈಯಲ್ಲಿದ್ದ ಹಾಳೆಯಂತೆ ಎಡಕ್ಕೆ ತಿರುಗಿಸಿದರು. ಅಲುಗಲಿಲ್ಲ. ತುಕ್ಕು ಹಿಡಿದಿರಬೇಕೆಂದು ಕೀಲಿಗೆ ಉದ್ದದ ಪೈಪು ಸಿಕ್ಕಿಸಿ ಇಬ್ಬರೂ ತೂಗಿದರು. ಕೀಲಿ ಹಿಡಿಯುವ ವಾಲ್ವಿನ ಸರಳಿನ ತುದಿ ಗುಂಡಿಯೊಳಗೇ ತುಂಡಾಯಿತು. ವಾಲ್ವ್ ಮುಚ್ಚಿದಂತೆಯೇ ಕಚ್ಚಿಕೊಂಡಿತು. ಅದರಾಚೆ ಎರಡು ಬೀದಿ, ಒಂದು ಹೆರಿಗೆ ಆಸ್ಪತ್ರೆ. ರಸ್ತೆ ಅಗೆದು ಹೊಸದನ್ನು ಕೂರಿಸುವವರೆಗೆ ನಾಲ್ಕು ದಿನ ದಾದಿಯರು ಬಕೆಟ್ಟಿನಲ್ಲಿ ನೀರು ಹೊತ್ತರು.

ವಾಲ್ವ್ ಮುರಿದ ಐದನೇ ದಿನ ಕೀಲಿ ಮಾಮನಿಗೆ ಎರಡನೇ ಕಾಗದ. ತನ್ನನ್ನು ಬಿಟ್ಟರೆ ಗತಿಯಿಲ್ಲ ಎಂದು ತೋರಿಸಲು ಮಕ್ಕಳಿಗೆ ಬೇಕೆಂದೇ ತಪ್ಪು ಮಾಹಿತಿ ಕೊಟ್ಟಿದ್ದಾರೆ ಎಂಬ ಆರೋಪ. ಒಪ್ಪುವಂಥ ಸಮಜಾಯಿಷಿ ಬರುವ ಸೋಮವಾರದೊಳಗೆ ಬರದಿದ್ದರೆ ಗೇಟು ಕಾಯುವ ಕೆಲಸವೂ ಇಲ್ಲ. ಅಲ್ಲಿಯವರೆಗೆ ಯಾವ ವಾಲ್ವನ್ನೂ ಮುಟ್ಟಕೂಡದು.

ಬರೆಯುವ ಹುಡುಗಿ ಅದೇ ಸಂಜೆ ಪುಟದ ಇತಿಹಾಸ ತೆರೆದಳು. ಎಲ್ಲವೂ ಅಲ್ಲಿ ಇತ್ತು. ಅವಳು 'ಬಲಕ್ಕೆ' ಎಂದೇ ತುಂಬಿಸಿದ್ದಳು. ಪುಟ ಒಪ್ಪಿಸುವ ಹಿಂದಿನ ದಿನ, ಮಧ್ಯಾಹ್ನ ಮೂರು ಹತ್ತಕ್ಕೆ, ಒಪ್ಪ ಮಾಡುವ ಪಾಲಿನ ಮಗು ಅದನ್ನು 'ಎಡಕ್ಕೆ' ಎಂದು ಬದಲಿಸಿ, ಪಕ್ಕದಲ್ಲಿ 'ಕೈತಪ್ಪು ಸರಿಪಡಿಸಿದೆ' ಎಂದು ಟಿಪ್ಪಣಿ ಹಾಕಿತ್ತು. ನಲವತ್ತೆರಡು ಸಾಲಿನಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ. ಕೋಷ್ಟಕಗಳು ಏಕರೂಪವಾಗಿದ್ದರೆ ಐದು ಅಂಕ ಎಂದು ತರಗತಿಯಲ್ಲಿ ಮೊದಲೇ ಹೇಳಿದ್ದರು.

ಹುಡುಗಿ ಮೂರು ಹಾಳೆ ಮುದ್ರಿಸಿಕೊಂಡು ಪಂಪ್‌ಹೌಸಿಗೆ ಓಡಿದಳು. ಅಷ್ಟು ಮಾಡಿದ್ದೇ ಒಳ್ಳೆಯದಾಯಿತು. ಮರುದಿನ ಶಾಲೆ ಪುಟಕ್ಕೆ ಬೀಗ ಹಾಕಿತು. ಯೋಜನೆ ಕೊಟ್ಟ ಶಿಕ್ಷಕಿಯನ್ನು ಕೇಳಿದರೆ, "ಶಾಲೆಯನ್ನ ಇದಕ್ಕೆಲ್ಲ ಎಳೀಬೇಡಿ ಅಂತ ಮೇಲಿನವರು ಹೇಳಿದ್ದಾರೆ. ನನ್ನ ಕೈಯಲ್ಲಿ ಏನಿದೆ?" ಎನ್ನುತ್ತಾರೆ.

ಕೀಲಿ ಮಾಮ ಆ ಹಾಳೆಗಳನ್ನು ಇಂಜಿನಿಯರ್ ಬಳಿ ಒಯ್ದರು. ಒಯ್ಯುವ ಮೊದಲು ಹೆಂಡತಿಯಿಂದ ಪೆನ್ನು ಇಸಿದುಕೊಂಡು, ಬದಲಾವಣೆ ಮಾಡಿದ ವಿದ್ಯಾರ್ಥಿಯ ಹೆಸರು ಇದ್ದ ಕಡೆಯಲ್ಲೆಲ್ಲ ಕಪ್ಪಾಗುವಂತೆ ಗೀಚಿದರು. ಹಾಳೆಯ ಹಿಂದಕ್ಕೂ ಮಸಿ ಇಳಿದಿದೆ.

"ಹೆಸರೆಲ್ಲಿ?" ಎಂದರಂತೆ ಇಂಜಿನಿಯರ್.

"ಮಗು ಸಾರ್ ಅದು. ಹೆಸರು ಬೇಡ. ಟೈಮು, ತಾರೀಕು ಇದೆ ನೋಡಿ."

"ಹೆಸರಿಲ್ಲ, ಸಹಿಯಿಲ್ಲ, ಮುದ್ರೆಯಿಲ್ಲ. ಯಾರು ಬೇಕಾದ್ರೂ ಬರೆಯೋ ಪುಟ ಇದು. ಮಕ್ಕಳಾಟ. ಇದನ್ನ ದಾಖಲೆ ಅಂತ ತಗೊಳ್ಳೋಕಾಗುತ್ತಾ?"

ಈ ಮಾತನ್ನು ಕೀಲಿ ಮಾಮ ಸಿಟ್ಟಿಲ್ಲದೆ ಹೇಳುತ್ತಾರೆ. ಕೇಳಿಸಿಕೊಂಡವರಿಗೆ ಸಿಟ್ಟು ಬಾರದಿರಲು ಸಾಧ್ಯವಿಲ್ಲ. ಇದೇ ಪುಟವನ್ನು ನಂಬಿ ಒಬ್ಬರ ಇಪ್ಪತ್ತೆರಡು ವರ್ಷದ ಕೆಲಸ ತೆಗೆದರು. ಇದೇ ಪುಟವನ್ನು ಮುದ್ರಿಸಿ ಗುತ್ತಿಗೆದಾರರಿಗೆ ಹಂಚಿದರು. ಆಗ ಅದಕ್ಕೆ ಸಹಿ ಬೇಕಿರಲಿಲ್ಲ, ಮುದ್ರೆ ಬೇಕಿರಲಿಲ್ಲ, ಬರೆದವರು ಹದಿನಾಲ್ಕರ ಮಕ್ಕಳು ಎಂಬುದು ನೆನಪಾಗಲಿಲ್ಲ. ಕೆಲಸ ಕಸಿಯುವಾಗ ದಾಖಲೆಯಾಗಿದ್ದದ್ದು ಮಾನ ಉಳಿಸುವಾಗ ಮಕ್ಕಳಾಟವಾಗುವುದು ಯಾವ ನ್ಯಾಯ? ಈ ಪ್ರಶ್ನೆಯನ್ನು ಕಚೇರಿಗೆ ಬರೆದು ಕಳಿಸಲಾಗಿದೆ. ಉತ್ತರ ಬಂದಿಲ್ಲ.

ಆ ಮಗು ತಾನೇ ಪಂಪ್‌ಹೌಸಿಗೆ ಬಂದಿತ್ತು. ಇಂಜಿನಿಯರ್ ಮುಂದೆ ಹೋಗಿ ಹೇಳುತ್ತೇನೆ ಎಂದಿತು. ಕೀಲಿ ಮಾಮ ಬಿಡಲಿಲ್ಲ. ಕುಡಿಯಲು ನೀರು ಕೊಟ್ಟು ಮನೆಗೆ ಕಳಿಸಿದರು. "ಸಾಲಲ್ಲಿ ಒಂದು ಬೇರೆ ಥರ ಕಂಡ್ರೆ ಸರಿ ಮಾಡು ಅಂತ ನಾವೇ ಕಲಿಸಿರ್ತೀವಿ. ಅದು ಕಲಿತದ್ದನ್ನ ಮಾಡ್ತು. ನಾಳೆ ಆಸ್ಪತ್ರೆಗೆ ನೀರು ನಿಲ್ಸಿದ ಮಗು ಇದೇ ಅಂತ ಊರೆಲ್ಲ ಬೆರಳು ತೋರಿಸ್ಬೇಕಾ? ನನಗಾದ್ರೆ ಐವತ್ತನಾಲ್ಕು ಆಯ್ತು."

"ಐವತ್ತನಾಲ್ಕಾದ್ರೆ ಹೊಟ್ಟೆ ಹಸಿಯಲ್ವಾ?" ಎಂದು ಇಸ್ತ್ರಿಪೆಟ್ಟಿಗೆಯ ಹಿಂದಿನಿಂದ ಹೆಂಡತಿ. "ಎಲ್ಲರ ಮಕ್ಕಳಿಗೂ ಇವರೇ ಮಾಮ. ಆ ಗುತ್ತಿಗೆ ಹುಡುಗ್ರು ಅಣ್ಣಾ ಅಂತ ಫೋನ್ ಮಾಡಿದ್ರೆ ಈಗ್ಲೂ ಎದ್ದು ಓಡ್ತಾರೆ. ಯಾರ ಕೆಲಸ ರೀ ಅದು?"

ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಎರಡು ಸಲ ಹೋಗಿ ಬರುತ್ತದೆ. ಆಮೇಲೆ ಗಂಡ ಹೇಳುತ್ತಾರೆ: "ಮುರಿದ ದಿನದಿಂದ ಆ ಹುಡುಗ್ರು ಕೇಳ್ದೆ ಒಂದು ಸುತ್ತೂ ತಿರುಗಿಸಲ್ಲ ಕಣೆ. ನೀರು ಹೋಗೋದು ಮನೆಗಳಿಗೆ ತಾನೇ."

ಹೊಸ ವಾಲ್ವ್ ಉಳಿದ ನಲವತ್ತೆರಡರಂತೆ ಎಡಕ್ಕೇ ತೆರೆಯುತ್ತದೆ. ಈಗ ಪುಟದಲ್ಲಿರುವುದೇ ನಿಜ, ಕೀಲಿ ಮಾಮ ಹೇಳಿದ್ದೇ ಸುಳ್ಳು. ಹಳೆಯದು ಮಾತ್ರ ಎಲ್ಲಿಗೂ ಹೋಗಿಲ್ಲ. ಕಚೇರಿಯ ಹಿಂದಿನ ಅಂಗಳದಲ್ಲಿ, ಒಡೆದ ಪೈಪುಗಳ ಪಕ್ಕ, ಗೋಡೆಗೆ ಒರಗಿ ಬಿದ್ದಿದೆ. ಮೇಲಿನ ತುದಿ ಮುರಿದಿದ್ದರೂ ಸರಳಿನ ಗೇಣುದ್ದ ಹೊರಗೆ ಉಳಿದಿದೆ; ಅಗೆದು ಕೀಳುವಾಗ ಬಿದ್ದ ಏಟಿಗೆ ಒಳಗಿನ ಬಿಗಿಯೂ ಸಡಿಲಿದೆ. ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಅದು ಯಾವ ಕಡೆಗೆ ತೆರೆಯುತ್ತದೆ ಎಂಬುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಇಂಜಿನಿಯರ್ ಕುರ್ಚಿಯಿಂದ ಅಲ್ಲಿಗೆ ನಲವತ್ತು ಹೆಜ್ಜೆ. ಕೀಲಿ ಮಾಮ ಮೂರು ಸಲ ಕೇಳಿಕೊಂಡಿದ್ದಾರೆ. ಮೂರು ಸಲವೂ ಸಿಕ್ಕ ಉತ್ತರ, "ನೋಡೋಣ."

ಸಮಜಾಯಿಷಿಯ ಕಾಗದ ಸಿದ್ಧವಾಗಿದೆ. ಹೆಂಡತಿಯ ದುಂಡು ಅಕ್ಷರದಲ್ಲಿ ನಾಲ್ಕೇ ಸಾಲು. ಸೋಮವಾರ ಅದನ್ನು ಹಿಡಿದು ಹೋಗುವಾಗ ಏನು ಕೇಳುತ್ತೀರಿ ಎಂದರೆ ಕೀಲಿ ಮಾಮ ಕಿವಿಯನ್ನು ಗೋಡೆಯ ಕಡೆ ತಿರುಗಿಸುತ್ತಾರೆ. ಪಂಪ್‌ಹೌಸಿನ ಗೋಡೆಯಾಚೆ ಯಂತ್ರ ನಿಲ್ಲುತ್ತದೆ. ದಪ್ಪ ಕೊಳವೆಯೊಳಗೆ ನೀರು ಇಳಿಯುವ ಸದ್ದನ್ನು ಅವರು ಕೊನೆಯವರೆಗೂ ಕೇಳುತ್ತಾರೆ.

"ಕೆಲಸ ಕೊಡೋದು ಬಿಡೋದು ಅವರಿಷ್ಟ. ಸಾಹೇಬ್ರು ಒಂದೇ ಒಂದು ಸಲ ಎದ್ದು ಹಿತ್ತಲಿಗೆ ಬರ್ಲಿ. ಇಕ್ಕಳ ನಾನೇ ತಂದಿಟ್ಟಿರ್ತೀನಿ. ನಾನು ಮುಟ್ಟಲ್ಲ. ಅವರೇ ಹಿಡೀಲಿ, ಅವರೇ ತಿರುಗಿಸ್ಲಿ."

ಎರಡೂ ಕೈ ಬೆನ್ನ ಹಿಂದೆ ಹೋಗಿವೆ. ಏಳಲಾರದ ಆ ಬಲಭುಜ ಮಾತ್ರ ಒಂದಿಷ್ಟು ಮುಂದೆ ಬರುತ್ತದೆ.

"ಬಲಕ್ಕೆ," ಎನ್ನುತ್ತಾರೆ. "ಹನ್ನೊಂದು ಸುತ್ತು. ಬೇಕಾದ್ರೆ ಎಣಿಸ್ಕೊಳ್ಳಲಿ."